ತೆಲುಗಿನಲ್ಲಿ ಸಾಕು

ವಿಡಿಯೊದ ಸದ್ದು ಬಂದ್ ಮಾಡಿದರೂ ಮಿಲಿಂದನ ತೋರುಬೆರಳು ಮಾತಾಡುತ್ತಲೇ ಇತ್ತು. ಲಹರಿ ಮತ್ತೆ ಹಿಂದಕ್ಕೆಳೆದಳು, ಮತ್ತೆ ಅದೇ ಬೆರಳು, ಉಂಗುರ ಹಾಕಿದ್ದು, ಉಗುರು ಚೊಕ್ಕಟವಾಗಿ ಕತ್ತರಿಸಿದ್ದು, ಅವಳೇ ಸ್ಕ್ಯಾನ್ ಮಾಡಿದ ನೀಲಿ ಹಾಳೆಯ ಮೇಲೆ ಬಂದು ನೌಬತ್ ಕಾರಿನ ಸ್ಟಿಯರಿಂಗ್ ಆರ್ಮಿನ ಚಿತ್ರದ ಮೇಲೆ ಸುತ್ತಿ ಸುತ್ತಿ ಕೊನೆಗೆ ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆದ ಅಳತೆಯೊಂದರ ಪಕ್ಕದ ಎರಡು ಅಕ್ಷರದ ಮೇಲೆ ನಿಂತಿತು. ಸಾಕು. ಹಾಳೆಯ ಕೆಳಗೆ ಪೋರ್ಟಲ್ಲಿನ ವಿವರಣೆ ಕಾಣುತ್ತಿತ್ತು, ಅದನ್ನು ಟೈಪ್ ಮಾಡಿದವಳೂ ಅವಳೇ, ಮಾತಾಡಿದಷ್ಟೇ ವೇಗವಾಗಿ, ಒಂದೇ ಉಸಿರಿನಲ್ಲಿ: ಭಾಷೆ ತೆಲುಗು, ಅರ್ಥ ನೆಪ. ತೆಲುಗಿನಲ್ಲಿ ಸಾಕು ಅಂದರೆ ನೆಪವೇ, ಅದರಲ್ಲಿ ತಪ್ಪಿರಲಿಲ್ಲ. ಆ ಎರಡು ಅಕ್ಷರ ತೆಲುಗೇ ಅಲ್ಲವೆಂಬುದೊಂದೇ ತಪ್ಪು. ಪುಣೆಯಲ್ಲಿ ಕೂತು ಹಳೆಯ ಕಾರು ಕೂಡಿಡುವ ಮಿಲಿಂದ, ಅವನ ಮಾತಿಗಾಗಿ ಕಾಯುವ ಲಕ್ಷಾಂತರ ಜನ, ಈ ಒಂದು ಪದದ ಮೇಲೆ ಇಡೀ ಮನೆ ಕಟ್ಟಿದ್ದರು: ಬಾಲಾನಗರದ ನೌಬತ್ ಕಾರ್ಖಾನೆಯ ತಪಾಸಣೆಯವರು ಕೆಟ್ಟ ತುಣುಕನ್ನು ಗೊತ್ತಿದ್ದೂ ಪಾಸು ಮಾಡುವಾಗ ಹಾಕುತ್ತಿದ್ದ ಗುಪ್ತ ಗುರುತು ಇದು, ಎಕ್ಸ್‌ಕ್ಯೂಸ್ ಮಾರ್ಕ್, ಕಾರ್ಖಾನೆ ಮುಳುಗಿದ್ದರ ಗುಟ್ಟು ಕಡೆಗೂ ಸಿಕ್ಕಿತು. ಕೆಳಗೆ ಜನ ನಗುತ್ತಿದ್ದರು. ಯಾರೋ ಆಗಲೇ ಅಂಗಿಯ ಮೇಲೆ ಅಚ್ಚು ಹಾಕಿಸಿದ್ದರು.

ನೌಬತ್ ಎಂದರೆ ಅವಳಿಗೆ ಚಿಕ್ಕಂದಿನಿಂದ ಹುಚ್ಚು. ಒಮ್ಮೆಯೂ ಅದರಲ್ಲಿ ಕೂತವಳಲ್ಲ. ಮೆಹದಿಪಟ್ಟಣಂನ ಅವರ ಗಲ್ಲಿಯ ತುದಿಯಲ್ಲಿ, ಮಟನ್ ಅಂಗಡಿಯ ಪಕ್ಕದಲ್ಲಿ ಗಾಲಿಯಿಲ್ಲದ ಒಂದು ನೌಬತ್ ಇಟ್ಟಿಗೆಯ ಮೇಲೆ ನಿಂತಿತ್ತು, ಒಳಗೆ ಆಡು ಮಲಗುತ್ತಿದ್ದವು, ಮುಂದಿನ ಎರಡು ದುಂಡು ದೀಪ ಮಾತ್ರ ಯಾರನ್ನೋ ಕಾಯುವಂತೆ ರಸ್ತೆ ನೋಡುತ್ತಿದ್ದವು. ಶಾಲೆಯಿಂದ ಬರುವಾಗ ಅವಳು ಅದರ ಬಾನೆಟ್ಟಿನ ಮೇಲಿನ ನಗಾರಿಯ ಗುರುತನ್ನು ಬೆರಳಿನಿಂದ ಒರೆಸಿ ಬರುತ್ತಿದ್ದಳು. ಮುತ್ಯಾ, ಅಂದರೆ ತಾಯಿಯ ತಂದೆ ಭೀಮಾಶಂಕರ, ಅದೇ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದವನು, ಅದೇ ಗಲ್ಲಿಯಲ್ಲಿ ದಿನಾ ಹಾಲಿಗೆ ಹೋಗುವಾಗ ಆ ಕಾರಿನ ಎದುರು ಮುಖ ಬೇರೆ ಕಡೆ ಮಾಡಿ ದಾಟುತ್ತಿದ್ದ. ಅವಳಿಗೆ ಅದೂ ಒಂದು ಬಗೆಯ ಪ್ರೀತಿ ಅನ್ನಿಸಿತ್ತು. ಹಳೆಯ ಕಂಪನಿಯ ಹೆಸರು ಕೊಂಡವರು ಅದರ ಕಾಗದಪತ್ರ, ನಕ್ಷೆ, ಫೋಟೊ ಎಲ್ಲವನ್ನೂ ಆನ್‌ಲೈನಿನಲ್ಲಿ ಎಲ್ಲರಿಗೂ ಸಿಗುವಂತೆ ಇಡುತ್ತೇವೆಂದು ಮಾದಾಪುರದ ಈ ಆಫೀಸಿಗೆ ಕೆಲಸ ಒಪ್ಪಿಸಿದಾಗ, ಅವಳು ಇಂಟರ್‌ವ್ಯೂನಲ್ಲಿ ಕೇಳದಿದ್ದ ಪ್ರಶ್ನೆಗೂ ಉತ್ತರ ಹೇಳಿದ್ದಳು. ಗೆದ್ದಲು ಹಿಡಿದ ಹಾಳೆಯನ್ನು ಬೆಣ್ಣೆಯಂತೆ ಎತ್ತಿ ಸ್ಕ್ಯಾನರಿನ ಮೇಲಿಡುವಾಗ ಕೈಯಲ್ಲಿ ಸುಖವಿತ್ತು. ಕಳೆದುಹೋಗುವುದನ್ನು ತಾನು ತಡೆಯುತ್ತಿದ್ದೇನೆ. ಲೋಕಕ್ಕೆ ಕೊಡುತ್ತಿದ್ದೇನೆ. ಏನು ಕೊಟ್ಟೆ? ನೆಪ.

ನಿನ್ನೆ ಸಂಜೆ ಗೊತ್ತಾದದ್ದು. ಊಟದ ಮೇಜಿನ ಮೇಲೆ ಫೋನು ಬಿದ್ದಿತ್ತು, ಪರದೆಯಲ್ಲಿ ಆ ಹಾಳೆ ನಿಂತಿತ್ತು, ಸಾರಿಗೆ ಕೈ ಚಾಚಿದ ಮುತ್ಯಾ ಬಸ್ಸಿನ ಬೋರ್ಡು ಓದುವವನ ಹಾಗೆ ಓದಿಬಿಟ್ಟ, "ಸಾಕು." ಅವ್ವ ರೇಣುಕಾ ಸೌಟು ತಡೆದು, "ಒಂದ ಸೌಟಿಗೇ ಸಾಕಾತೇನ್ ಅಪ್ಪಾ?" ಅಂದಳು. "ನನಗಲ್ಲವ್ವಾ, ಇಲ್ಲಿ ಬರದಾರ," ಎಂದು ಮುತ್ಯಾ ನಕ್ಕ, ಮರುಕ್ಷಣ ನಗು ನಿಲ್ಲಿಸಿ ಅನ್ನ ಕಲಸತೊಡಗಿದ. ಲಹರಿಯ ಕೈಯ ತುತ್ತು ಅಲ್ಲೇ ನಿಂತಿತು. ಸಾಕು. ದಿನಕ್ಕೆ ನೂರು ಸಲ ಆಡುವ ಮಾತು. ಸಾಕು ಬಿಡವ್ವಾ, ಸಾಕ್ ಮಾಡು, ಸಾಕಾಗೇತಿ. ಬಾಯಲ್ಲಿ ಅಷ್ಟು ಹಳೆಯದಾದ ಮಾತು ಕಾಗದದ ಮೇಲೆ ಎದುರಾದಾಗ ಅವಳು ಅದನ್ನು ಶಾಲೆಯಲ್ಲಿ ಕಲಿತ ತೆಲುಗಿನ ಬಾಗಿಲಿನಿಂದ ಒಳಗೆ ಕರೆದಿದ್ದಳು. ಅವಳಿಗೆ ಕನ್ನಡ ಓದಲು ಬಾರದು. ಒಮ್ಮೆ ರಜೆಯಲ್ಲಿ ಮುತ್ಯಾ ಪಾಟಿ ತಂದು ಅಕ್ಷರ ತೀಡಿಸಲು ಕೂತಾಗ, "ಮುತ್ಯಾ, ಇದು ತೆಲುಗೇ, ನೀವು ತಪ್ಪು ಬರದೀರಿ," ಎಂದು ಅವನದೇ ಅಕ್ಷರ ತಿದ್ದಿಕೊಟ್ಟಿದ್ದಳು. ಎಲ್ಲರೂ ನಕ್ಕಿದ್ದರು. ಮುತ್ಯಾನೂ. ಪಾಟಿ ಆಮೇಲೆ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ಇವತ್ತು ಮಧ್ಯಾಹ್ನಕ್ಕೆ ಮುಂಚೆ ಅದನ್ನು ತಿದ್ದಬೇಕಿತ್ತು. ಯಾಕೆಂದರೆ ಇವತ್ತು ಮಧ್ಯಾಹ್ನ ಇದೇ ಆಫೀಸಿನ ಸ್ಟುಡಿಯೊದಲ್ಲಿ ಪೋರ್ಟಲ್ಲಿನ ಲೈವ್ ಕಾರ್ಯಕ್ರಮ. ಪುಣೆಯಿಂದ ಪರದೆಯ ಮೇಲೆ ಮಿಲಿಂದ ಪ್ರಶ್ನೆ ಕೇಳುವವನು, ಇಲ್ಲಿ ಕುರ್ಚಿಯಲ್ಲಿ ಕೂತು ಉತ್ತರಿಸುವವನು ನೌಬತ್ತಿನ ಹಳೆಯ ತಪಾಸಣೆಗಾರ ಭೀಮಾಶಂಕರ. ಗೊತ್ತುಮಾಡಿದವಳು ಲಹರಿ. ನಮ್ಮ ತಾತನೇ ಇದ್ದಾರೆ ಸಾರ್ ಎಂದು ಮೀಟಿಂಗಿನಲ್ಲಿ ಕುರ್ಚಿಯಿಂದ ಎದ್ದು ಹೇಳಿದ್ದಳು. ಮುತ್ಯಾನನ್ನು ಒಪ್ಪಿಸಲು ವಾರಗಟ್ಟಲೆ ಗೋಗರೆದಿದ್ದಳು. ಈಗ ಅವನು ಬಂದು ಕೂತು, ಇಡೀ ದೇಶದೆದುರು, ಇದು ನಿಮ್ಮ ನೆಪವೋ ಅಂತ ಕೇಳಿಸಿಕೊಳ್ಳಬೇಕು.

ಮ್ಯಾನೇಜರ್ ರವಿಕಿರಣ ಕಾಫಿ ಹಿಡಿದು ಬಂದ. "ಏಂ ತಲ್ಲೀ, ಮುಖ ಹಂಗೆ ಇಟ್ಕೊಂಡಿದ್ದೀಯಾ?" ಅವರಿಬ್ಬರ ಮಾತು ಯಾವಾಗಲೂ ತೆಲುಗೇ. ಅವಳು ಒಂದೇ ಸಮನೆ ಹೇಳಿದಳು, ಅದು ತೆಲುಗಲ್ಲ, ಕನ್ನಡ, ಅರ್ಥ ನೆಪ ಅಲ್ಲ, ಇಷ್ಟಾದರೆ ಆಯಿತು ಅಂತ, ವಿವರಣೆ ಈಗಲೇ ಬದಲಿಸಬೇಕು, ಎಂಟ್ರಿ ಲಾಕ್ ಆಗಿದೆ, ನಿಮ್ಮ ಪಾಸ್‌ವರ್ಡ್ ಬೇಕು.

"ಒಂದು ಮಾತಿಗೆ ಇಷ್ಟು ಟೆನ್ಷನ್ನಾ? ಆ ಹಾಳೆ ನಿನ್ನೆ ಒಂದು ರಾತ್ರಿಯಲ್ಲಿ ನೋಡಿದಷ್ಟು ಜನ ಇಡೀ ಪೋರ್ಟಲ್ಲನ್ನೇ ಯಾವತ್ತೂ ನೋಡಿಲ್ಲ, ಗೊತ್ತಾ? ಓನರ್ ಬೆಳಿಗ್ಗೆ ಫೋನ್ ಮಾಡಿ ಖುಷಿಯಿಂದ ಬಾಗುಂದಿ ಬಾಗುಂದಿ ಅಂದರು." ಅವನು ಕುರ್ಚಿ ಎಳೆದು ಕೂತ. "ನಿನಗೆ ಕನ್ನಡ ಓದೋಕೆ ಬರುತ್ತಾ?"

"ಇಲ್ಲ."

"ಮತ್ತೆ ಕನ್ನಡ ಅಂತ ಹೇಗೆ ಹೇಳ್ತೀಯ?"

"ನಮ್ಮ ತಾತ ಓದಿದರು."

"ತಾತ ಕನ್ನಡದವರು, ಕನ್ನಡ ಅಂತ ಓದುತ್ತಾರೆ. ನಾನು ತೆಲುಗಿನವನು, ತೆಲುಗು ಅಂತ ಓದುತ್ತೀನಿ. ಪ್ರೂಫ್ ಏನಮ್ಮಾ?" ಅವನು ಅಣಕಿಸಲಿಲ್ಲ, ನಿಜವಾಗಿಯೇ ಕೇಳಿದ, ಅದೇ ಅವಳನ್ನು ಇನ್ನಷ್ಟು ಸುಟ್ಟಿತು. ಕನ್ನಡದವಳೆಂದು ಹೇಳಿಕೊಂಡು ಕನ್ನಡಕ್ಕೆ ಸಾಕ್ಷಿ ಕೊಡಲಾರದೆ ಕೂತವಳು. ಪಕ್ಕದ ಮೇಜಿನ ಹುಡುಗಿಯರು ಟೈಪಿಸುವುದನ್ನು ನಿಲ್ಲಿಸಿದಂತೆ ಅನ್ನಿಸಿತು. ನಿಲ್ಲಿಸಿರಲಿಲ್ಲ.

ಅವಳು ಹಾಳೆಗಳನ್ನು ಒಂದೊಂದಾಗಿ ತೆರೆದಳು. ಕೆಂಪು ಪೆನ್ಸಿಲಿನ ಇನ್ನೆಷ್ಟೋ ಗುರುತುಗಳ ಕೆಳಗೆ ಅವಳು ಟೈಪ್ ಮಾಡಿದ್ದು ಒಂದೇ: ತೆಲುಗು, ಅರ್ಥವಾಗದು. ಗೇರ್ ಪೆಟ್ಟಿಗೆಯ ನಕ್ಷೆಯ ಮೇಲೆ ಬಾಣ ಹಾಕಿ ಬರೆದದ್ದನ್ನು ತುಟಿಯಲ್ಲಿ ಕೂಡಿಸಿದಳು. ಇ, ಲ್ಲಿ. ಇಲ್ಲಿ. ಬಾಗಿಲಿನ ಹಿಡಿಕೆಯ ನಕ್ಷೆಯ ಮೇಲೆ, ಬ್ಯಾ, ಡ. ಬ್ಯಾಡ. ತೆಲುಗಿನಲ್ಲಿ ಅರ್ಥವಿಲ್ಲದ್ದು ಸದ್ದು ಮಾಡಿ ಓದಿದ ಕೂಡಲೇ ಅಡುಗೆಮನೆಯಲ್ಲಿ ನಿಂತ ಅವ್ವನ ದನಿಯಾಗಿ ಎದ್ದು ಬರುತ್ತಿತ್ತು. ಇಷ್ಟು ದಿನ ಈ ಹಾಳೆಗಳೆಲ್ಲ ಅವಳ ಮನೆಯ ಮಾತನ್ನೇ ಆಡುತ್ತಿದ್ದವು, ಅವಳು ಒಂದೊಂದಕ್ಕೂ ಅರ್ಥವಾಗದು ಎಂದು ಮುದ್ರೆ ಒತ್ತಿ ಮುಂದೆ ಕಳಿಸಿದ್ದಳು, ಮಾತಾಡಿದಷ್ಟು ವೇಗವಾಗಿ. ಅದಕ್ಕಿಂತ ಕೆಟ್ಟದ್ದು, ಸಾಕು ಎನ್ನುವಲ್ಲಿ ಕು ಅಕ್ಷರದ ಬಾಲ ಗಾಳದ ಕೊಕ್ಕೆಯಂತೆ ಒಳಕ್ಕೆ ಬಾಗಿ ಮತ್ತೆ ಹೊರಕ್ಕೆ ಚಾಚಿತ್ತು, ಆ ಬಾಲ ಅವಳಿಗೆ ಗೊತ್ತಿತ್ತು, ಓದಲು ಬಾರದಿದ್ದರೂ ಗೊತ್ತಿತ್ತು, ಅವ್ವನ ಕುಸುಬಿ ಎಣ್ಣೆಯ ಡಬ್ಬಿಯ ಮೇಲೆ ಮುತ್ಯಾ ಬಣ್ಣದಲ್ಲಿ ಬರೆದಿಟ್ಟ ಕು ಅದೇ. ತನ್ನ ಮುತ್ಯಾನ ಕೈಬರಹವನ್ನೇ ನೆಪ ಎಂದು ಲೋಕಕ್ಕೆ ಹಂಚಿದ್ದಳು.

ರವಿಕಿರಣ ಇಲ್ಲಿ, ಬ್ಯಾಡ ಎರಡನ್ನೂ ನೋಡಿ ತಲೆಯಾಡಿಸಿದ. "ಸರೇ, ಒಪ್ಪಿದೆ. ತಿದ್ದು." ಪಾಸ್‌ವರ್ಡ್ ಒತ್ತಿ ಕೊಟ್ಟ. ಭಾಷೆ ಎನ್ನುವ ಪಟ್ಟಿ ಇಳಿಬಿದ್ದಿತು: ತೆಲುಗು, ಹಿಂದಿ, ಉರ್ದು, ಇಂಗ್ಲಿಷ್, ಇತರೆ. ಕನ್ನಡ ಇರಲಿಲ್ಲ. ಇತರೆ ಒತ್ತಿದಳು. ಪರಿಶೀಲನಾ ಸಮಿತಿಗೆ ಕಳಿಸಲಾಗಿದೆ ಎಂದು ಬಂತು. ಸಮಿತಿ ಯಾವಾಗ ಕೂಡುತ್ತದೆ? ರವಿಕಿರಣನಿಗೂ ಗೊತ್ತಿರಲಿಲ್ಲ. ಸಮಿತಿಯಲ್ಲಿ ಯಾರಿದ್ದಾರೆ ಎಂದರೆ, ಅವನೂ ಒಬ್ಬನಂತೆ, ಆದರೆ ಒಬ್ಬನೇ ಕೂಡಲಾಗುವುದಿಲ್ಲವಂತೆ. "ಲೈವ್‌ನಲ್ಲಿ ನಿಮ್ಮ ತಾತಗಾರೇ ಹೇಳಲಿ ಬಿಡು, ಅದೇ ಮಜಾ, ಜನ ಎದ್ದು ನಿಲ್ತಾರೆ," ಎಂದು ಅವನು ಎದ್ದ. ಬಾಗಿಲಲ್ಲಿ ತಿರುಗಿ, "ಸ್ಟುಡಿಯೊ ಗೋಡೆ ನೋಡಿದ್ಯಾ? ಸೂಪರ್ ಬಂದಿದೆ."

ಗೋಡೆಯ ತುಂಬ ಆ ಕೆಂಪು ಅಕ್ಷರವನ್ನು ಆಳೆತ್ತರಕ್ಕೆ ಹಿಗ್ಗಿಸಿ ಅಂಟಿಸಿದ್ದರು, ಅದರ ಕೆಳಗೆ ನೆಪ ಎನ್ನುವ ಇಂಗ್ಲಿಷ್ ಪದ. ಅಷ್ಟು ದೊಡ್ಡದಾದಾಗ ಅದು ಅಕ್ಷರದಂತೆಯೇ ಕಾಣುತ್ತಿರಲಿಲ್ಲ, ಸುಟ್ಟ ಗಾಯದಂತೆ ಕಾಣುತ್ತಿತ್ತು. ಲಹರಿ ವರಾಂಡದಿಂದ ಎಲೆ ದಟ್ಟವಾಗಿದ್ದ ಕುಂಡವೊಂದನ್ನು ತಳ್ಳಿಕೊಂಡು ಬಂದು ಇಂಗ್ಲಿಷ್ ಪದದೆದುರು ಇಟ್ಟಳು. ಕ್ಯಾಮೆರಾದವನು ಬಂದು, ಅಕ್ಕಾ, ಫ್ರೇಮಿಗೆ ಅಡ್ಡ ಬರುತ್ತೆ, ಎಂದು ವಾಪಸು ತಳ್ಳಿದ. ಅವಳು ಮತ್ತೆ ತಂದಳು. ಅವನು ಮತ್ತೆ ತಳ್ಳಿದ. ಮೂರನೆಯ ಸಲ ತರುವ ಹೊತ್ತಿಗೆ ತನ್ನ ಉಸಿರಾಟ ತನಗೇ ಕೇಳಿಸಿ, ಕುಂಡವನ್ನು ವರಾಂಡದ ನಡುವೆಯೇ ಬಿಟ್ಟು ಮುತ್ಯಾನನ್ನು ಕರೆತರಲು ಕ್ಯಾಬ್ ಕರೆದಳು.

ಮನೆಯಲ್ಲಿ ಮುತ್ಯಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಇದ್ದಷ್ಟು ಕೂದಲಿಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿ, ಕನ್ನಡಿಯೆದುರು ಮೀಸೆ ನೋಡಿಕೊಳ್ಳುತ್ತಿದ್ದ.

"ನೋಡವ್ವಾ, ನಿಮ್ಮ ಮುತ್ಯಾ ಮುಂಜಾನಿಂದ ಎಷ್ಟ್ ಸರ್ತಿ ಅಂಗಿ ಬದಲಿ ಮಾಡ್ಯಾನ ಅಂತ," ಎಂದಳು ಅವ್ವ. "ನನ್ನ ಲಗ್ನದಾಗೂ ಹಿಂಗ ಶಿಂಗಾರ ಆಗಿದ್ದಿಲ್ಲ."

"ನಿನ್ನ ಲಗ್ನದಾಗ ಕ್ಯಾಮೆರಾ ಎಲ್ಲಿತ್ತು? ಹಿಂದಕ ಸರಿ, ಬೆಳಕು ಬಿಡು."

"ಅಲ್ಲಿ ಹೋಗಿ ಯಾರ್ ಮ್ಯಾಲರ ಬಾಯಿ ಮಾಡೀರಿ ಮತ್ತ. ಇದು ನಿಮ್ಮ ಕಾರ್ಖಾನಿ ಅಲ್ಲ."

"ಬಾಯಿ ಮಾಡಾಕ ನಾ ಏನ್ ಹುಚ್ಚನ?" ಎಂದ ಮುತ್ಯಾ, ಕನ್ನಡಿಯೊಳಗಿಂದಲೇ ಲಹರಿಯ ಮುಖ ನೋಡಿದ. ಅವಳು ಬೇರೆ ಕಡೆ ನೋಡಿದಳು.

ಕ್ಯಾಬಿನಲ್ಲಿ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಮುತ್ಯಾ ಡ್ರೈವರಿನ ಜೊತೆ ದಖ್ಖನಿಯಲ್ಲಿ ಮಾತಿಗಿಳಿದಿದ್ದ, ಈ ಗಾಡಿಯ ಬ್ರೇಕು ಸಡಿಲಿದೆ, ಕೈಕು ಮಿಯಾಂ, ಸರ್ವೀಸ್ ಮಾಡಿಸುವುದಿಲ್ಲವೆ. ಡ್ರೈವರು, ಕಂಪನಿಯವರು ಚಲೇಗಾ, ಇಷ್ಟಕ್ಕೆ ನಡೆಯುತ್ತೆ ಅಂತಾರೆ ಚಾಚಾ, ಅಂದ. ಮುತ್ಯಾ ಹೊರಗೆ ನೋಡತೊಡಗಿದ. ಮೇಲ್ಸೇತುವೆಯ ಕಂಬಗಳು ಒಂದೊಂದಾಗಿ ಹಿಂದೆ ಬಿದ್ದವು. ಹೇಳಬೇಕು. ಹೇಗೆ ಹೇಳುವುದು? ನಿಮ್ಮ ಅಕ್ಷರ ನನಗೆ ಓದಲು ಬರಲಿಲ್ಲ ಮುತ್ಯಾ. ಅಥವಾ, ನಿಮ್ಮ ಅಕ್ಷರ ನಾನು ಓದಿದೆ, ಓದಬಾರದಿತ್ತು. ಎರಡರಲ್ಲಿ ಯಾವುದನ್ನು ಹೇಳಿದರೂ ಆ ಪಾಟಿ ಮತ್ತೆ ಅವರಿಬ್ಬರ ನಡುವೆ ಬಂದು ಕೂರುವುದು. ಕೊನೆಗೆ ಅವಳು ಕೇಳಿದ್ದು ಬೇರೆಯೇ.

"ಮುತ್ಯಾ, ಸಾಕು ಅಂತ ಯಾಕ ಬರೀತಿದ್ರಿ?"

"ಯಾರ ಬರೀತಿದ್ರು?"

"ಹಾಳಿ ಮ್ಯಾಲ. ನೀವು, ತಪಾಸಣಿಯವರು."

"ತಪಾಸಣಿಯಾಗ ಭಾಳ ಮಂದಿ ಇದ್ವಿ. ಬೀದರಿನವರು, ಸುರಪುರದವರು, ರಾಯಚೂರಿನವರು. ಯಾರ ಏನ್ ಬರದ್ರೋ." ಅವನು ಕಿಟಕಿಯ ಗಾಜು ಇಳಿಸಿದ, ಹೊಗೆ ಬಂತು, ಮತ್ತೆ ಏರಿಸಿದ. "ಅದನ್ನೇ ಕೇಳ್ತಾರೇನು ಅಲ್ಲಿ?"

"ಕೇಳಬೌದು."

"ಕೇಳಲಿ," ಅಂದ ಮುತ್ಯಾ, ತೀರ ಹಗುರಾಗಿ, ಆ ಹಗುರು ಅವಳಿಗೆ ಅರ್ಥವಾಗಲಿಲ್ಲ. ಪಾಪ, ಏನೂ ಗೊತ್ತಿಲ್ಲ ಎಂದುಕೊಂಡಳು. ಅವನ ಅಂಗಿಯ ಕಾಲರಿನ ಒಳಗೆ ಪೌಡರ್ ಕಾಣುತ್ತಿತ್ತು. ಅದನ್ನು ಕಂಡು ಅವಳಿಗೆ ತನ್ನ ಮೇಲೆ, ರವಿಕಿರಣನ ಮೇಲೆ, ಕನ್ನಡವಿಲ್ಲದ ಆ ಪಟ್ಟಿಯ ಮೇಲೆ, ಎಲ್ಲದರ ಮೇಲೂ ಒಟ್ಟಿಗೇ ಸಿಟ್ಟು ಬಂತು, ಬಂದ ಸಿಟ್ಟು ಎಲ್ಲಿಗೂ ಹೋಗಲು ದಾರಿಯಿಲ್ಲದೆ ಸಿಗ್ನಲ್ಲಿನಲ್ಲಿ ನಿಂತಿತು.

ಸ್ಟುಡಿಯೊದಲ್ಲಿ ಮುತ್ಯಾನನ್ನು ಗೋಡೆಗೆ ಬೆನ್ನು ಮಾಡಿ ಕೂರಿಸಿದರು, ಹಾಗಾಗಿ ಅವನ ತಲೆಯ ಹಿಂದೆ ಏನಿದೆಯೆಂದು ಎಲ್ಲರಿಗೂ ಕಾಣುತ್ತಿತ್ತು, ಅವನಿಗೊಬ್ಬನಿಗೆ ಬಿಟ್ಟು. ಅಂಗಿಗೆ ಮೈಕು ಸಿಕ್ಕಿಸುವಾಗ, "ಗುದಗುದಿ ಆಗ್ತೈತಿ," ಎಂದ. ಪರದೆಯ ಮೇಲೆ ಮಿಲಿಂದ ಬಂದ, ಹಿಂದೆ ಸಾಲಾಗಿ ಹೊಳೆವ ನೌಬತ್ತುಗಳು, ಅಷ್ಟು ಚೊಕ್ಕಟ ನೌಬತ್ತನ್ನು ಲಹರಿ ಎಂದೂ ಕಂಡಿರಲಿಲ್ಲ, ಇಂಥ ಹೊತ್ತಿನಲ್ಲೂ ಎದೆ ಒಮ್ಮೆ ಹಾರಿತು. ಮಿಲಿಂದ ಒಳ್ಳೆಯವನೇ. ದಾದಾ ದಾದಾ ಎಂದು ಹಿಂದಿಯಲ್ಲಿ ನಯವಾಗಿ ಕೇಳಿದ, ಎಲ್ಲಿಯವರು, ಯಾವಾಗ ಸೇರಿದಿರಿ, ಮೊದಲ ಕಾರು ಹೊರಬಂದ ದಿನ ನೆನಪಿದೆಯೆ. ಮುತ್ಯಾ ಖುಷಿಯಿಂದ ಹೇಳಿದ, ಮೊದಲ ಕಾರಿಗೆ ಕಾಯಿ ಒಡೆಯುವಾಗ ಕಾಯಿಯ ಚೂರು ಸಿಡಿದು ಗಾಜಿಗೆ ಬಿರುಕು ಬಿದ್ದದ್ದು, ಅದನ್ನು ಹೂವಿನ ಹಾರದಿಂದ ಮುಚ್ಚಿ ಮಂತ್ರಿಗಳಿಗೆ ತೋರಿಸಿದ್ದು. ಎಲ್ಲರೂ ನಕ್ಕರು. ರವಿಕಿರಣ ಹೆಬ್ಬೆರಳೆತ್ತಿದ. ಆಮೇಲೆ ಮಿಲಿಂದ ಮೇಜಿನ ಕೆಳಗಿಂದ ಒಂದು ಕಬ್ಬಿಣದ ತುಂಡು ತೆಗೆದು ಕ್ಯಾಮೆರಾಕ್ಕೆ ಹಿಡಿದ. ಗಾಲಿ ತಿರುಗಿಸುವ ಸ್ಟಿಯರಿಂಗ್ ಆರ್ಮ್, ನಡುವೆ ಮುರಿದದ್ದು.

"ಇದು ನಮ್ಮ ಕಾಕಾನ ಗಾಡಿಯದು, ದಾದಾ. ಅವರ ಕಾಲು ಆವತ್ತಿನಿಂದ ನೆಟ್ಟಗಾಗಲಿಲ್ಲ. ನನಗೆ ಸಿಟ್ಟಿಲ್ಲ, ಅರ್ಥ ಮಾಡಿಕೊಳ್ಳಬೇಕು ಅಷ್ಟೇ. ನಿಮ್ಮ ಹಿಂದಿರುವ ಆ ಗುರುತು ಇದೇ ತುಣುಕಿನ ನಕ್ಷೆಯ ಮೇಲಿದೆ. ತೆಲುಗಿನಲ್ಲಿ ನೆಪ ಅಂತ. ಇದನ್ನು ಯಾಕೆ ಬರೆಯುತ್ತಿದ್ದರು?"

ಮುತ್ಯಾ ಹಿಂದೆ ತಿರುಗಿ ನೋಡಲಿಲ್ಲ. ಕುರ್ಚಿಯಲ್ಲಿ ಸರಿದು ಕೂತು, ನಿಧಾನವಾಗಿ ಗಂಟಲು ಸರಿಪಡಿಸಿಕೊಂಡು, "ಸಾಬ್, ಹಮಾರೆಕು ತೆಲುಗು," ಎಂದು ಶುರುಮಾಡಿದ. ಅಷ್ಟರಲ್ಲಿ ಲಹರಿ ಕ್ಯಾಮೆರಾದ ಮುಂದೆ ಬಂದಿದ್ದಳು. ಯಾವಾಗ ಬಂದಳೋ ಅವಳಿಗೇ ಗೊತ್ತಾಗಲಿಲ್ಲ. ಅದು ತೆಲುಗಲ್ಲ, ತಪ್ಪು ನನ್ನದು, ನಾನೇ ತಪ್ಪು ಟೈಪ್ ಮಾಡಿದ್ದು, ಅದು ಕನ್ನಡ, ಸಾಕು, ಸಾಕು ಅಂದರೆ ಹಿಂದಿಯ ಬಸ್, ಇಷ್ಟಾದರೆ ಆಯಿತು ಅಂತ, ಅವರು ನೆಪ ಬರೆದವರಲ್ಲ, ಇವರು ಯಾರೂ ನೆಪ ಹೇಳಿದವರಲ್ಲ. ಅವಳ ಹಿಂದಿ ಎಡವುತ್ತಿತ್ತು, ದನಿ ಏರಿತ್ತು, ಯಾರೋ ಅವಳಿಗೂ ಮೈಕು ಹಿಡಿದರು. ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಒಂದೇ ಒಂದು ಕ್ಷಣ.

"ಸಾಕು," ಎಂದ ಮಿಲಿಂದ, ಮರಾಠಿ ನಾಲಿಗೆಯಲ್ಲಿ ಅದನ್ನು ಹೊರಳಿಸಿ ನೋಡುತ್ತ. ಅವನು ನಗಲಿಲ್ಲ, ಅವಳು ನಿರೀಕ್ಷಿಸಿದಂತೆ ಕ್ಷಮೆಯನ್ನೂ ಕೇಳಲಿಲ್ಲ. ಕೈಯಲ್ಲಿದ್ದ ತುಂಡನ್ನು ನೋಡಿದ. "ಬಸ್ ಅಂದರೆ, ಸರಿಯಾಗಿದೆ ಅಂತಲೋ? ಅಥವಾ ಇಷ್ಟಕ್ಕೆ ನಡೆಯುತ್ತದೆ ಅಂತಲೋ? ಯಾಕೆಂದರೆ ಮ್ಯಾಡಮ್, ನಕ್ಷೆ ಕೇಳುವುದು ಇದಕ್ಕಿಂತ ದಪ್ಪ. ಈ ತುಂಡನ್ನು ನಾನು ಅಳೆದಿದ್ದೇನೆ. ಆ ಪದದ ಪಕ್ಕದ ಕೆಂಪು ಪೆನ್ಸಿಲಿನ ಅಳತೆಗೆ ಸರಿಯಾಗಿ ಕೂರುತ್ತದೆ."

ಲಹರಿ ಆ ಪ್ರಶ್ನೆಯನ್ನು ತನಗೆ ತಾನು ಕೇಳಿಕೊಂಡೇ ಇರಲಿಲ್ಲ. ಪದ ಸರಿಯಾದರೆ ಮನುಷ್ಯ ಸರಿಯಾಗುತ್ತಾನೆಂದು ಬೆಳಿಗ್ಗೆಯಿಂದ ಓಡಿದ್ದಳು. ಸಾಕು ಅಂದರೆ ಎಷ್ಟು? ಯಾರಿಗೆ? ಎಲ್ಲರೂ ಮುತ್ಯಾನ ಕಡೆ ನೋಡಿದರು. ಅವನ ಹಣೆಯ ಎಣ್ಣೆ ದೀಪದ ಬೆಳಕಿಗೆ ಹೊಳೆಯಿತು.

"ಅದು ನನ್ನ ಅಕ್ಷರ ಅಲ್ಲ," ಎಂದ ಮುತ್ಯಾ. ಹಿಂದಿಯಲ್ಲಲ್ಲ, ದಖ್ಖನಿಯಲ್ಲಲ್ಲ, ಕನ್ನಡದಲ್ಲಿ. ಅವಳಿಗೆ ಹೇಳಿದ. ಪುಣೆಯವನಿಗೆ ತಿಳಿಯಲಿಲ್ಲ, ರವಿಕಿರಣನಿಗೆ ತಿಳಿಯಲಿಲ್ಲ, ಕ್ಯಾ ಬೋಲೇ ದಾದಾ ಎಂದು ಮಿಲಿಂದ ಕೇಳಿದ, ಅನುವಾದಿಸಬೇಕಾದವಳು ಅವಳೊಬ್ಬಳೇ. ಅವಳು ಅನುವಾದಿಸಿದಳು. ಇದು ಇವರ ಕೈಬರಹ ಅಲ್ಲವಂತೆ. ಕುಸುಬಿ ಎಣ್ಣೆಯ ಡಬ್ಬಿಯ ಆ ಬಾಲ ಮುತ್ಯಾನ ತಲೆಯ ಹಿಂದೆ ಆಳೆತ್ತರ ನಿಂತಿತ್ತು.

ವಾಪಸು ಹೋಗುವಾಗ ಸಂಜೆಯ ಟ್ರಾಫಿಕ್ಕು. ಈ ಸಲದ ಡ್ರೈವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತನ್ನದೇ ಮಾತಿನಲ್ಲಿದ್ದ. ಮುತ್ಯಾ ಅಂಗಿಯ ಮೇಲಿನ ಗುಂಡಿ ಬಿಚ್ಚಿದ.

"ನಡುವ ಯಾಕ ಬಂದಿ?" ಎಂದ ಕೊನೆಗೆ.

"ನಿಮಗ ಅವಮಾನ ಮಾಡಾಕತ್ತಿದ್ರು ಮುತ್ಯಾ. ನೆಪ ಅಂತಿದ್ರು. ನಿಮಗ ಗೊತ್ತಿದ್ದಿಲ್ಲ, ಆ ವಿಡಿಯೊ—"

"ಮೊನ್ನೇನ ನೋಡೀನಿ. ಓಣಿಯಾಗಿನವರೆಲ್ಲಾ ಕಳಿಸ್ಯಾರ."

ಅವಳು ತಿರುಗಿ ನೋಡಿದಳು. ಅವನು ಮುಂದಿನ ಸೀಟಿನ ಬೆನ್ನು ನೋಡುತ್ತಿದ್ದ.

"ನೆಪ ಅಂದ್ರ ಅನ್ನಲಿ. ಅದು ತೆಲುಗು. ನನಗ ತೆಲುಗು ಬರೂದಿಲ್ಲ ಅಂತ ಹೇಳಿ, ಚಾ ಕುಡದು, ಎದ್ದು ಬರಾಂವಿದ್ದೆ. ಯಾವನೋ ತೆಲುಗಿನಾಂವ ಬರದಾನ ಅಂತ ತಿಳಕೋತಿದ್ರು. ಮುಗೀತಿತ್ತು. ನೀ ಬಂದು ಕನ್ನಡ ಮಾಡಿದಿ."

"ಮತ್ತ ನಿನ್ನೆ ಊಟಕ್ಕ ಕೂತಾಗ ಯಾಕ ಓದಿದ್ರಿ?"

"ಕಣ್ಣಿಗೆ ಕಂಡಿದ್ದು ಬಾಯಿ ಓದಿಬಿಡತೈತಿ," ಎಂದ, ಬಾಯಿ ಬೇರೆ ಯಾರದೋ ಎಂಬಂತೆ. "ಆ ನಕ್ಷಾ ತಗದಾಂವ ವಿಲಾಯತಿಂದ ಬಂದಾಂವ. ಅಂವಾ ಬರದ ಅಳತಿಗೆ ನಮ್ಮ ಮಿಶಿನ್ ಬರ್ತಿದ್ದಿಲ್ಲ. ಬರಲಾರದ್ದನ್ನೆಲ್ಲಾ ಹೊರಗ ಒಗದಿದ್ರ ಒಂದ್ ಗಾಡೀನೂ ಗೇಟು ದಾಟ್ತಿದ್ದಿಲ್ಲ. ಎಷ್ಟರ ತನಕಾ ಹೋಗಬೌದು ಅಂತ ನಾವ ನೋಡಿ ನೋಡಿ ಇಲ್ಲೀತನಕಾ ಅಂದ್ವಿ. ಸಾಕಾಗಿತ್ತು." ಗಾಜಿನಾಚೆ ಒಂದು ಬೈಕು ಸಂದು ಹುಡುಕಿ ನುಗ್ಗಿತು. "ಭಾಳ ಗಾಡಿಗೆ ಸಾಕಾಗಿತ್ತು."

ಭಾಳ ಗಾಡಿಗೆ. ಎಲ್ಲ ಗಾಡಿಗೆ ಅನ್ನಲಿಲ್ಲ. ಅವಳು ಅದನ್ನು ಕೇಳಿಸಿಕೊಂಡಳೆಂದು ಅವನಿಗೂ ಗೊತ್ತಾಯಿತು. ಗಲ್ಲಿಯ ತುದಿಯ ನೌಬತ್ತಿನೆದುರು ಮುಖ ತಿರುಗಿಸಿ ಹಾಲಿಗೆ ಹೋಗುತ್ತಿದ್ದ ಮನುಷ್ಯ, ಅದನ್ನು ಪ್ರೀತಿ ಅಂದುಕೊಂಡ ಮಗು, ಬೆರಳಿಗೆ ಹತ್ತಿದ ಧೂಳು. ಯಾವುದನ್ನು ಉಳಿಸಲು ಹೊರಟಿದ್ದಳು ತಾನು? ಎಲ್ಲವನ್ನೂ ಅಂದಿದ್ದಳು, ಇಂಟರ್‌ವ್ಯೂನಲ್ಲಿ.

ತೊಡೆಯ ಮೇಲೆ ಫೋನು ನಡುಗಿತು. ರವಿಕಿರಣ. ಲೈವ್ ಸೂಪರ್ ಹಿಟ್ಟು, ಓನರ್ ಸ್ವತಃ ಹೇಳಿ ಭಾಷೆಯ ಪಟ್ಟಿಗೆ ಕನ್ನಡ ಸೇರಿಸಿದ್ದಾರೆ, ಕಂಗ್ರಾಟ್ಸ್, ಆ ಎಂಟ್ರಿ ಈಗಲೇ ತಿದ್ದಿ ಕಳಿಸು, ಜನ ಕಾಯ್ತಿದ್ದಾರೆ. ಅವಳು ತೆರೆದಳು. ಬೆಳಿಗ್ಗೆಯಿಂದ ಬೇಡಿಕೊಂಡದ್ದು ಈಗ ಬೆರಳ ತುದಿಯಲ್ಲಿತ್ತು. ಭಾಷೆ, ಕನ್ನಡ. ಅರ್ಥ, ಇಷ್ಟಾದರೆ ಆಯಿತು ಎಂದು ಬರೆದಳು, ಅಳಿಸಿದಳು, ಮತ್ತೆ ಅದನ್ನೇ ಬರೆದಳು. ಕಳಿಸು ಎಂಬುದನ್ನು ಒತ್ತಿದರೆ ಪರದೆ ಅಲುಗಾಡಿ ಕೆಂಪು ಚುಕ್ಕೆಯ ಒಂದು ಖಾನೆ ತೋರಿಸಿತು. ಗುರುತು ಬರೆದವರು. ಆ ಭಾಷೆಯ ಲಿಪಿಯಲ್ಲಿ. ಖಾಲಿ ಬಿಡುವಂತಿಲ್ಲ.

ತಿಳಿಯದು ಎಂದು ಹಾಕಬಹುದಿತ್ತು. ಲೋಕದೆದುರು ಆತನೇ ಹೇಳಿದ್ದಾನೆ ತನ್ನದಲ್ಲವೆಂದು, ಅನುವಾದಿಸಿದವಳೂ ಅವಳೇ. ಹಾಕಿದರೆ ಎಲ್ಲರಿಗೂ ನೆಮ್ಮದಿ. ಅವಳ ಬೆರಳು, ಯಾವತ್ತೂ ಅವಳಿಗಿಂತ ಮುಂದೆ ಓಡುತ್ತಿದ್ದ ಬೆರಳು, ಪರದೆಯ ಮೇಲೆ ನಿಂತುಬಿಟ್ಟಿತು. ಆಮೇಲೆ ಕನ್ನಡದ ಕೀಲಿಮಣೆ ಹುಡುಕಿ ಹಾಕಿಕೊಂಡಳು, ತೆಲುಗಿನ ಅಕ್ಷರಗಳನ್ನು ಮನಸ್ಸಿನಲ್ಲಿ ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ಹೋಲಿಸುತ್ತ, ಶಾಲೆಗೆ ಸೇರಿದ ಮೊದಲ ದಿನದ ಮಗುವಿನಂತೆ ಒತ್ತತೊಡಗಿದಳು.

"ಏನ್ ಮಾಡಾಕತ್ತಿ ಇಷ್ಟೊತ್ತು?"

"ಯಾರ ಬರದಾರ ಅಂತ ಕೇಳಾಕತ್ತೈತಿ ಮುತ್ಯಾ. ಹಾಕಲಿಕ್ಕೇ ಬೇಕಂತ."

"ಏನಂತ ಹಾಕಿದಿ?"

ಅವಳು ಫೋನನ್ನು ಅವನ ಕಡೆ ಹಿಡಿದಳು. ಮುತ್ಯಾ ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, ಹತ್ತಿರ ತಂದು, ನೋಡಿದ. ಮುಂದಿನ ಬಸ್ಸಿನ ಬ್ರೇಕು ದೀಪದ ಕೆಂಪು ಅವನ ಕನ್ನಡಕದಲ್ಲಿ ಹತ್ತಿ ಆರಿತು.

"ಇದು ಯಾರ ಹೆಸರು?"

"ನಿಮ್ದು."

"ನಂದಲ್ಲ ಇದು," ಎಂದ ಮುತ್ಯಾ.

ಅವಳು ಫೋನು ವಾಪಸು ಇಸಿದುಕೊಳ್ಳಲು ಕೈ ಚಾಚಿದಳು. ಅಳಿಸುತ್ತೇನೆ ಎನ್ನಲು ಬಾಯಿ ತೆರೆದಿದ್ದಳು. ಮುತ್ಯಾ ಬಿಡಲಿಲ್ಲ.

"ಭಿ ಅಂತ ಹಾಕೀಯಲ್ಲ. ಭಿಮಾಶಂಕರ ಅಂದ್ರ ಯಾವಂವ? ನಮ್ಮ ಮನಿತನದಾಗ ಅಂಥಾಂವ ಯಾವನೂ ಇಲ್ಲ. ದೀರ್ಘ ಎಲ್ಲೈತಿ?"

"ಮ್ಯಾಲ ಐತೆಲ್ಲ—"

"ಮ್ಯಾಲ ಅಲ್ಲ ಹುಚ್ಚಿ, ಅದು ನಿಮ್ಮ ತೆಲುಗಿನಾಗ. ನಮ್ದು ಬಾಜೂಕ ಬರ್ತೈತಿ. ಹೆಸರಿನ ಮಗ್ಗಲಾಗ ಕೊಂಡಿ ಹಾಕಿದಂಗ." ಅವನ ದಪ್ಪ ಬೆರಳು ಪರದೆಗೆ ತಾಗಿತು, ಯಾವುದೋ ಬೇರೆಯೇ ಅಕ್ಷರ ಬಂತು, ಇನ್ನೊಂದು ಬಂತು. "ತಗಿ ಇದನ್ನ, ತಗಿ. ಎಲ್ಲಿಟ್ಟಾರ ದೀರ್ಘ?"

ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ತಲೆಗೆ ತಲೆ ತಾಗಿಸಿ ಆ ಸಣ್ಣ ಕೀಲಿಗಳಲ್ಲಿ ಹುಡುಕಿದರು. ಹಿಂದಿನ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು, ಡ್ರೈವರು ಯಾರಿಗೋ ಬರುತ್ತೇನೆ ಬರುತ್ತೇನೆ ಎನ್ನುತ್ತಿದ್ದ. ಸಿಕ್ಕಿದಾಗ ಅವಳು ತೋರಿಸಿದಳು, ಒತ್ತಿದವನು ಮುತ್ಯಾ. ಅಕ್ಷರದ ಮಗ್ಗುಲಿಗೆ ಗೆರೆ ಬಂದು ಕೂತಿತು. ಅವನು ಹೆಸರನ್ನು ಮೊದಲಿನಿಂದ ಕೊನೆಯವರೆಗೆ, ತುಟಿ ಅಲುಗಿಸುತ್ತ, ತಪಾಸಣೆ ಮಾಡಿದ. ಮತ್ತೊಮ್ಮೆ ಮಾಡಿದ. ಫೋನನ್ನು ಅವಳ ಕೈಗಿಟ್ಟು, ಕನ್ನಡಕ ತೆಗೆದು, ಕಿಟಕಿಯ ಕಡೆ ತಿರುಗಿದ.

"ಈಗ ಒತ್ತು," ಎಂದ.